ಉದ್ದವಾದ ಶಿವದಾರ

ದಾರ ನಿಜವಾಗಿ ಉದ್ದವಾಗಿದೆಯೋ, ಅಥವಾ ತನ್ನ ಕಣ್ಣಿಗೇ ಹಾಗೆ ಕಾಣುತ್ತಿದೆಯೋ? ಅಣ್ಣನ ಕೊರಳಿನ ಇಷ್ಟಲಿಂಗ ಯಾವಾಗಲೂ ಎದೆಯ ಮೇಲೇ ಇರುತ್ತಿತ್ತಲ್ಲ. ಅದನ್ನಿಟ್ಟ ಬೆಳ್ಳಿಯ ಕರಡಿಗೆಯ ಉಬ್ಬು ಅಂಗಿಯ ಎರಡನೆಯ ಗುಂಡಿಯ ಹತ್ತಿರ ಕಾಣುತ್ತಿತ್ತು. ಈಗ ಅದು ಹೊಟ್ಟೆಯ ಮೇಲಕ್ಕೆ ಇಳಿದಿದೆ. ಹಳೆಯ ಶಿವದಾರ ಸವೆದು ಹೊಸದು ಹಾಕಿಕೊಂಡಿರಬಹುದು. ಹೊಸದನ್ನು ಕಟ್ಟುವಾಗ ಅಳತೆ ತಪ್ಪಿರಬಹುದು. ಅಥವಾ... ಆ 'ಅಥವಾ'ದಿಂದ ಮುಂದೆ ಹೋಗಲು ರಾಜಶೇಖರನ ಮನಸ್ಸು ಒಪ್ಪಲಿಲ್ಲ. ಅಳತೆ ತಪ್ಪುವ ಮನುಷ್ಯನಲ್ಲ ಅಣ್ಣ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಸಲಾಕೆಯನ್ನು ಕಣ್ಣಳತೆಯಲ್ಲೇ ತೂಗುವವನು ಎಂದು ಹೆಸರಾದವನು.

ಡೊಂಬಿವಲಿಯ ಕನ್ನಡ ಸಂಘದವರು ಆ ಭಾನುವಾರ ಹೃದಯ ತಪಾಸಣೆಯ ಶಿಬಿರ ಇಟ್ಟುಕೊಂಡಿದ್ದರು. ಯಕ್ಷಗಾನವೂ ವಚನಗೋಷ್ಠಿಯೂ ನಡೆಯುವ ಅದೇ ಸಭಾಗೃಹದಲ್ಲಿ ಕುರ್ಚಿಗಳ ಸಾಲು. ವೇದಿಕೆಯ ಪಕ್ಕದಲ್ಲಿ ಪರದೆ ಕಟ್ಟಿ ಈಸಿಜಿ ತೆಗೆಯುವ ಮಂಚ. ಅಣ್ಣ ಮುರುಗೆಪ್ಪ ಸಂಘದ ಉಪಾಧ್ಯಕ್ಷ. ತಾನು ಮೊದಲು ತೋರಿಸಿಕೊಂಡರೆ ಉಳಿದವರೂ ಬರುತ್ತಾರೆ ಎಂಬ ಕಾರಣಕ್ಕೆ ಬಂದಿದ್ದನೇ ಹೊರತು ತನಗೇನೋ ಆಗಿದೆ ಎಂದಲ್ಲ. ಜೊತೆಗೆ ಅವ್ವ ಈರವ್ವನನ್ನೂ ಕರೆತಂದಿದ್ದ. ಅಣ್ಣ ಕರೆದ ಮೇಲೆ ಬರದೆ ಇರುವ ರೂಢಿ ಆ ಮನೆಯಲ್ಲಿ ಇಲ್ಲದ್ದರಿಂದ ರಾಜಶೇಖರನೂ ಬಂದಿದ್ದ.

"ಎಂತ ಮುರುಗೆಪ್ಪಣ್ಣ, ನಿಮಗೂ ಹಾರ್ಟ್ ಉಂಟು ಅಂತ ಇವತ್ತು ಗೊತ್ತಾಯ್ತು," ಎಂದ ಹಿಂದಿನ ಸಾಲಿನ ಪ್ರೇಮನಾಥ ಶೆಟ್ಟಿ. ಸ್ಟೇಷನ್ ಎದುರಿನ ಹೋಟೆಲು ಅವನದು. "ಒಂದೇ ವಿನಂತಿ ಮಾರಾಯ್ರೆ. ಕೊಲೆಸ್ಟ್ರಾಲ್ ಜಾಸ್ತಿ ಬಂದ್ರೆ ನನ್ನ ಹೋಟ್ಲಿನ ಹೆಸರು ಮಾತ್ರ ಹೇಳ್ಬೇಡಿ."

"ಹೆಂಗ ಹೇಳದ ಇರ್ಲಿ ಶೆಟ್ರ? ನಿಮ್ಮ ಒಂದ್ ವಡಾ ಹಿಂಡಿದ್ರ ನಮ್ಮ ಟ್ರಕ್ಕಿನ ನಾಕೂ ಗಾಲಿಗೆ ಎಣ್ಣಿ ಆಕ್ಕೈತಿ!" ಎಂದ ಅಣ್ಣ.

ಸಾಲು ನಕ್ಕಿತು. ಅಣ್ಣನೂ ನಕ್ಕ. ನಗುವಾಗ ಎಡಗೈಯಿಂದ ಕರಡಿಗೆಯನ್ನು ಅಂಗಿಯ ಮೇಲಿನಿಂದಲೇ ತುಸು ಎತ್ತಿ ಹಿಡಿದದ್ದನ್ನು ರಾಜಶೇಖರ ನೋಡಿದ. ಅದು ಯಾರಿಗೂ ಕಾಣುವಂಥದಲ್ಲ. ಅವನಿಗೆ ಕಂಡಿತು, ಏಕೆಂದರೆ ಅಂಥದನ್ನು ಅವನು ಹಿಂದೊಮ್ಮೆ ಅಪ್ಪನಲ್ಲಿ ನೋಡಿದ್ದ.

ಆಗ ಅವರು ವಿಠ್ಠಲವಾಡಿಯ ಚಾಳಿನಲ್ಲಿದ್ದರು. ಅಪ್ಪನಿಗೆ ಉಲ್ಹಾಸನಗರದ ಬಟ್ಟೆಯ ಕಾರ್ಖಾನೆಯಲ್ಲಿ ಕೆಲಸ. ಅಣ್ಣ ಆಗಷ್ಟೇ ಕಳಂಬೋಲಿಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಗೋದಾಮಿನಲ್ಲಿ ಮಲಗುತ್ತಿದ್ದ. ಕೊನೆಯ ಕೆಲವು ವಾರ ಅಪ್ಪ ಪೂಜೆಗೆ ಕೂತಾಗ ಲಿಂಗ ಹಿಡಿದ ಎಡಗೈಯ ಮೊಣಕೈಯನ್ನು ತೊಡೆಗೆ ಊರಿಕೊಳ್ಳುತ್ತಿದ್ದರು. ಕೈ ಸೋಲುತ್ತದೆ ಎನ್ನುತ್ತಿದ್ದರು. ಆಮೇಲೆ ಶಿವದಾರ ಉದ್ದ ಮಾಡಿಕೊಂಡರು. ಒಂದು ಬೆಳಗ್ಗೆ ಸ್ನಾನಕ್ಕೆ ಹೋಗುವ ಮುಂಚೆ, ಹುಟ್ಟಿದಾಗಿನಿಂದ ಮೈಮೇಲಿದ್ದ ಲಿಂಗವನ್ನು ಕಳಚಿ ಬಚ್ಚಲ ಬಾಗಿಲಿನ ಮೊಳೆಗೆ ನೇತುಹಾಕಿದರು. "ಎದಿ ಮ್ಯಾಲ ಕಲ್ಲ ಇಟ್ಟಂಗ ಆಗೇತಿ. ಇದರ ಭಾರಾನೂ ತಡೀವಲ್ದು," ಎಂದರು. ಮನೆಯಲ್ಲಿ ಎದ್ದಿದ್ದವನು ರಾಜಶೇಖರ ಒಬ್ಬನೇ. ಹೇಳಿದ್ದು ಅವನಿಗೆ.

ನೀರಿನ ಸದ್ದು ನಿಂತಿತು, ಅಪ್ಪ ಹೊರಗೆ ಬರಲಿಲ್ಲ.

ಅವ್ವ ಎದ್ದು ಬಂದವಳು ಮೊದಲು ನೋಡಿದ್ದು ಮೊಳೆಯ ಮೇಲಿನ ಲಿಂಗವನ್ನು. ಗಂಡನನ್ನು ನೋಡಿದ್ದು ಆಮೇಲೆ. ಅವಳು ಚೀರಲಿಲ್ಲ. ಲಿಂಗವಿಲ್ಲದ ಮೈಯಲ್ಲಿ ಪ್ರಾಣ ಬಿಟ್ಟವನ ಹೆಂಡತಿ ಚೀರಿದರೆ ಮುಂದೆ ಏನೇನು ಕೇಳಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. "ಕಾಲ ಹಿಡಿ," ಎಂದಳು. ಹುಡುಗ ಕಾಲು ಹಿಡಿದ. ಒಳಗೆ ತಂದರು, ಮೈ ಒರೆಸಿದರು, ಮಡಿಪಂಚೆ ಸುತ್ತಿದರು. ಪೂಜೆಯ ಮಣೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸುವಾಗ ಹುಡುಗ ಕೈ ಹಿಂದಕ್ಕೆ ಎಳೆದುಕೊಂಡ.

"ಅಂಜಬ್ಯಾಡ. ಮಣ್ಣ ಕೊಡೂ ಮುಂದ ಹೆಂಗಿದ್ರೂ ಕೂಡ್ಸೂದ ಐತಿ. ಈಗ ಕೂಡ್ಸೂಣು," ಎಂದಳು ಅವ್ವ. ಹಣೆಗೆ ವಿಭೂತಿ ಎಳೆದಳು. ಮೊಳೆಯಿಂದ ಲಿಂಗ ತಂದು ಎಡ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮಣ್ಣನ ಮುಂದೂ." ಆಮೇಲೆ ಬಾಗಿಲು ತೆರೆದು ಅತ್ತಳು.

ಚಾಳಿಗೆ ಚಾಳೇ ಬಂದು ಕೈಮುಗಿಯಿತು. ಪುಣ್ಯವಂತ, ಪೂಜೆಗೆ ಕೂತವನು ಕೂತಂತೆಯೇ ಲಿಂಗದಲ್ಲಿ ಸೇರಿದ ಎಂದರು. ಕಳಂಬೋಲಿಯಿಂದ ಓಡಿಬಂದ ಅಣ್ಣ ಆ ದೃಶ್ಯವನ್ನು ನೋಡಿ ಅಪ್ಪನ ಪಾದಕ್ಕೆ ಹಣೆ ಹಚ್ಚಿದವನು, ಅಂದಿನಿಂದ ಇನ್ನೊಬ್ಬನೇ ಆದ. ಮುಂಜಾನೆ ಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ಮೈಮೇಲಿನ ಲಿಂಗವನ್ನು ಒಂದು ಕ್ಷಣವೂ ಕಳಚುತ್ತಿರಲಿಲ್ಲ. ವರ್ಷಕ್ಕೊಮ್ಮೆ ಅಪ್ಪನ ಹೆಸರಿನಲ್ಲಿ ಗಣಾರಾಧನೆ, ನೂರಾರು ಜನರಿಗೆ ಊಟ. ಕಲ್ಯಾಣದ ಸ್ಟುಡಿಯೋದವನು ಕಾರ್ಖಾನೆಯ ಗುರುತಿನ ಚೀಟಿಯ ಸಣ್ಣ ಪಟವನ್ನು ದೊಡ್ಡದು ಮಾಡಿಕೊಟ್ಟಾಗ, ಅವ್ವನ ಮಾತಿನ ಮೇಲೆ ವಿಭೂತಿ, ರುದ್ರಾಕ್ಷಿಗಳ ಜೊತೆಗೆ ತಲೆಗೂದಲಿಗೆ ಒಂದಿಷ್ಟು ಬಿಳಿಯನ್ನೂ ಸೇರಿಸಿದ. ನಡುವಯಸ್ಸಿನವನ ಸಾವಿಗೆ ಜನ ಮರುಗುತ್ತಾರೆ, ಕೈಮುಗಿಯುವುದಿಲ್ಲ. ಹೀಗೆ ಪಟದಲ್ಲಿ ಅಪ್ಪನಿಗೆ ವಯಸ್ಸಾಯಿತು. ಹೇಳಿ ಹೇಳಿ ಅಣ್ಣನ ಬಾಯಲ್ಲೂ ವಯಸ್ಸಾಯಿತು. "ನಮ್ಮ ಮನಿತನದ ಗಂಡಸರು ಹಾಸಗಿ ಹಿಡಿಯಂಗಿಲ್ರಿ," ಎಂಬುದು ಅವನ ಮಾತಿನ ಕೊನೆಯ ಸಾಲು.

"ಮುರುಗೆಪ್ಪ ಅವರು ಯಾರು? ಬನ್ನಿ," ಎಂದು ಕರೆದಳು ಡಾಕ್ಟರ್ ಸೌಜನ್ಯ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಸಂಘದವರಿಗಾಗಿ ಕನ್ನಡದಲ್ಲೇ ಮಾತಾಡಬೇಕೆಂದು ಹಟ ಹಿಡಿದಿದ್ದಳು.

ಮೇಜಿನ ಎದುರು ಅಣ್ಣ ಕೂತ. ಪಕ್ಕದ ಕುರ್ಚಿಯಲ್ಲಿ ರಾಜಶೇಖರ. ಅವನ ಆಚೆಗೆ, ಸೆರಗು ಹೊದ್ದು ಅವ್ವ.

"ವಯಸ್ಸು ಐವತ್ತೊಂದು. ಬಿಪಿ ಸ್ವಲ್ಪ ಮೇಲೆ ಉಂಟು. ಶುಗರ್ ಇಲ್ಲ. ಬೀಡಿ, ಸಿಗರೇಟು, ತಂಬಾಕು?"

"ಶಿವ ಶಿವಾ! ಮುಟ್ಟಂಗಿಲ್ರಿ ಡಾಕ್ಟರಬಾಯಾರ."

"ಒಳ್ಳೇದು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆಯಲ್ಲಿ ನೋವು, ಭಾರ, ಉರಿ ಏನಾದ್ರೂ ಬರ್ತದಾ?"

"ಏನೂ ಇಲ್ರಿ. ಒಮ್ಮೊಮ್ಮೆ ವಾಯು ಆಕ್ಕೈತಿ. ಅದೂ ಈ ಶೆಟ್ರ ವಡಾದಿಂದ."

ಹಿಂದೆ ಮತ್ತೆ ನಗು. ಡಾಕ್ಟರ್ ನಗುತ್ತಲೇ ಈಸಿಜಿಯ ಕಾಗದವನ್ನು ಬೆಳಕಿಗೆ ಹಿಡಿದಳು. "ಈಸಿಜಿ ಸರಿ ಉಂಟು. ಆದ್ರೆ ಇದು ಇವತ್ತಿನದ್ದು ಮಾತ್ರ ಹೇಳೋದು, ನಾಳೆಯದ್ದಲ್ಲ. ನಾಳೆಯದ್ದು ತಿಳೀಬೇಕಾದ್ರೆ ಮನೆಯವರ ವಿಷಯ ಕೇಳ್ಬೇಕು. ಅದಕ್ಕೇ ಇಷ್ಟು ಪ್ರಶ್ನೆ. ನಿಮ್ಮ ತಂದೆ, ಅಣ್ಣ ತಮ್ಮಂದಿರಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಿನಲ್ಲಿ ಹಾರ್ಟಿನ ತೊಂದರೆ?"

"ನಮ್ಮ ಮನಿಯಾಗ? ಇಲ್ಲೇ ಇಲ್ರಿ."

"ತಂದೆ ಹೇಗೆ ತೀರಿಕೊಂಡ್ರು?"

ಅಣ್ಣ ಬೆನ್ನು ನೆಟ್ಟಗೆ ಮಾಡಿದ. ಈ ಪ್ರಶ್ನೆಗೆ ಉತ್ತರ ಹೇಳುವಾಗ ಅವನು ಯಾವಾಗಲೂ ಹಾಗೆ ಕೂರುತ್ತಿದ್ದ. "ಲಿಂಗೈಕ್ಯ ಆದ್ರು. ಪೂಜಿಗೆ ಕುಂತಾವ್ರು ಕುಂತಂಗ. ಕೈಯಾಗ ಲಿಂಗ ಹಂಗ ಇತ್ತು. ಇಲ್ಲಿ ಯಾರ್ನ ಬೇಕಾದ್ರೂ ಕೇಳ್ರಿ."

"ಎಷ್ಟು ವಯಸ್ಸು ಆಗ?"

"ಅರವತ್ತ ಆಗಿರಬೇಕು. ಏನವ್ವಾ?"

"ದಾಟಿತ್ತು," ಎಂದಳು ಈರವ್ವ. ಡಾಕ್ಟರನ್ನು ನೋಡಿ ಹೇಳಲಿಲ್ಲ. ರಾಜಶೇಖರನನ್ನು ನೋಡಿ ಹೇಳಿದಳು.

ನಲವತ್ತೇಳು. ಆ ಸಂಖ್ಯೆ ರಾಜಶೇಖರನ ಬಾಯಿಯ ತನಕ ಬಂತು. ಅದನ್ನು ಅವನು ಒಮ್ಮೆ ಹೇಳಿಯೂ ಇದ್ದ. ಮೂರು ವರ್ಷದ ಹಿಂದೆ, ವಾಶಿಯ ತನ್ನ ಆಫೀಸಿನಲ್ಲಿ ನೌಕರರ ವಾರ್ಷಿಕ ತಪಾಸಣೆಗೆ ಬಂದ ಅಪರಿಚಿತ ಡಾಕ್ಟರೊಬ್ಬ ಇದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದ್ದ. "ಫಾದರ್. ಹಾರ್ಟ್ ಅಟ್ಯಾಕ್. ಫಾರ್ಟಿ ಸೆವೆನ್," ಎಂಬ ಉತ್ತರ ತಡೆಯಿಲ್ಲದೆ ಬಂದುಬಿಟ್ಟಿತ್ತು. ಇಂಗ್ಲಿಷಿನಲ್ಲಿ ಅದು ಎಷ್ಟು ಸಣ್ಣ ಸಂಗತಿ! ಅದರಲ್ಲಿ ಬಚ್ಚಲಿಲ್ಲ, ಮೊಳೆಯಿಲ್ಲ, ಕಾಲು ಹಿಡಿದ ಹುಡುಗನಿಲ್ಲ. ಆ ಡಾಕ್ಟರು ಕೂಡಲೇ ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲಿಗೆ ಮಾತ್ರೆ ಬರೆದುಕೊಟ್ಟಿದ್ದ. ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ ಎಂದೂ ಹೇಳಿದ್ದ. ಅಂದಿನಿಂದ ರಾಜಶೇಖರ ದಿನವೂ ಸಂಜೆ ಠಾಣೆಯ ಲೋಕಲ್ ಹಿಡಿಯುವ ಮುಂಚೆ ಆಫೀಸಿನಲ್ಲೇ ಮಾತ್ರೆ ನುಂಗುತ್ತಾನೆ. ಹೆಂಡತಿ ಪೂನಂ ಒಮ್ಮೆ ಅವನ ಚೀಲದಲ್ಲಿ ಅದನ್ನು ಕಂಡಾಗ ಆಸಿಡಿಟಿಗೆ ಎಂದಿದ್ದ. ಅವಳಿಗೆ ಹೇಳಿದರೆ ಅಣ್ಣನ ಹೆಂಡತಿ ವೈನಿಗೆ ಹೋಗುತ್ತದೆ, ವೈನಿಯಿಂದ ಅಣ್ಣನಿಗೆ, ಅಣ್ಣ ಕೇಳುತ್ತಾನೆ: ನಿನಗ್ಯಾಕಲೇ ಇದು, ನಮ್ಮ ಮನಿಯಾಗ ಯಾರಿಗಿತ್ತು?

"ನೀವು ತಮ್ಮ ಅಲ್ವಾ?" ಡಾಕ್ಟರ್ ಅವನ ಕಡೆ ತಿರುಗಿದಳು. "ನಿಮಗೇನಾದ್ರೂ ನೆನಪುಂಟಾ? ತಂದೆಗೆ ಮುಂಚೆ ಎದೆನೋವು ಅಂತ?"

ಅಣ್ಣ ನಕ್ಕ. "ಇಂವಗೇನ್ ನೆನಪಿರತೈತ್ರಿ. ಆಗ ಇಂವ ಸಾಲಿ ಹುಡುಗ."

ಅವ್ವ ಸೆರಗಿನ ಒಳಗೆ ತನ್ನ ಲಿಂಗವನ್ನು ಹಿಡಿದುಕೊಂಡಿದ್ದಳು. ಹಿಂದಿನ ಸಾಲು ಕಿವಿಗೊಟ್ಟಿತ್ತು. ಸಂಘದ ಅರ್ಧ ಜನ ಅಲ್ಲಿದ್ದರು, ಪ್ರತಿ ವರ್ಷ ಗಣಾರಾಧನೆಯ ಪಂಕ್ತಿಯಲ್ಲಿ ಉಂಡವರು. ಅಣ್ಣನ ಹೊಟ್ಟೆಯ ಮೇಲೆ ಕರಡಿಗೆಯ ಉಬ್ಬು ಮೇಲೆ ಕೆಳಗೆ ಆಗುತ್ತಿತ್ತು. ಅಪ್ಪನಿಗೆ ನಲವತ್ತೇಳು ಎಂದರೆ ಸಾಕಿತ್ತು. ಆದರೆ ಒಂದನ್ನು ಹೇಳಿದರೆ ಅದರ ಹಿಂದೆ ಇನ್ನೊಂದು ಬರುತ್ತದೆ, ಅದರ ಹಿಂದೆ ಮೊಳೆ ಬರುತ್ತದೆ. ಅಣ್ಣನನ್ನು ಪಕ್ಕಕ್ಕೆ ಕರೆದು ನಾಳೆ ಹೇಳಿದರಾಯಿತು ಎಂದುಕೊಂಡ ರಾಜಶೇಖರ. ಒಬ್ಬನೇ ಇದ್ದಾಗ. ಫೋನಿನಲ್ಲಾದರೂ.

"ಇಲ್ರಿ," ಎಂದ. "ನಂಗೇನೂ ನೆನಪಿಲ್ಲ."

ಡಾಕ್ಟರ್ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. "ಹಾಗಾದ್ರೆ ಮುಂದಿನ ಹತ್ತು ವರ್ಷದ ಅಪಾಯ ಸಾಧಾರಣ. ಮನೆಯಲ್ಲಿ ಚಿಕ್ಕ ವಯಸ್ಸಿನ ಹಾರ್ಟ್ ಅಟ್ಯಾಕ್ ಇದ್ದಿದ್ರೆ ಇವತ್ತೇ ಬ್ಲಡ್ ಟೆಸ್ಟಿಗೆ, ಟ್ರೆಡ್‌ಮಿಲ್ ಟೆಸ್ಟಿಗೆ ಕಳಿಸ್ತಿದ್ದೆ. ಈಗ ಉಪ್ಪು ಕಡಿಮೆ ಮಾಡಿ, ನಡೀರಿ. ಕೊಲೆಸ್ಟ್ರಾಲ್ ಒಮ್ಮೆ ನೋಡ್ಸಿ, ಅರ್ಜೆಂಟಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ."

"ಕೇಳಿದ್ರಿಲ್ಲೋ ಶೆಟ್ರ?" ಅಣ್ಣ ಎದ್ದು ನಿಂತು ಸಾಲಿನ ಕಡೆ ಕೈ ಎತ್ತಿದ. "ಪಾಸು!"

ನಾಳೆ ಎಂಬುದು ಬಂತು, ಹೋಯಿತು. ರಾಜಶೇಖರ ಎರಡು ಸಲ ಫೋನ್ ಮಾಡಿದ. ಒಂದು ಸಲ ಅಣ್ಣ ತೂಕದ ಕಾಟಾದ ಹತ್ತಿರವಿದ್ದು ಏನೂ ಕೇಳಿಸುವುದಿಲ್ಲ ಎಂದ. ಇನ್ನೊಂದು ಸಲ ಚೆನ್ನಾಗಿಯೇ ಕೇಳಿಸಿತು. ಆಗ ರಾಜಶೇಖರನೇ ಮಳೆಯ ಬಗ್ಗೆ, ಸೆಂಟ್ರಲ್ ಲೈನಿನ ಗದ್ದಲದ ಬಗ್ಗೆ ಮಾತಾಡಿ, "ಶಿವದಾರ ಹೊಸಾದ ಹಾಕ್ಕೊಂಡಿ ಏನಣ್ಣಾ?" ಎಂದು ಮಾತ್ರ ಕೇಳಿದ.

"ಹೂಂ. ಯಾಕ?"

"ಸುಮ್ನ ಕೇಳಿದೆ."

ಮೂರು ತಿಂಗಳು ತುಂಬುವ ಮುಂಚೆಯೇ ಒಂದು ಮಧ್ಯಾಹ್ನ ವಾಸು ಫೋನ್ ಮಾಡಿದ. ವಾಸು ಅಣ್ಣನ ಅಂಗಡಿಯ ಲೆಕ್ಕ ಬರೆಯುವವನು. ಕೂಡಲೇ ಬನ್ನಿ ಎಂದನೇ ಹೊರತು ಮತ್ತೇನೂ ಹೇಳಲಿಲ್ಲ. ಅಣ್ಣನ ಮಗ ಚನ್ನು ಠಾಣೆಯ ಕಂಪನಿಯಲ್ಲಿದ್ದ. ವಾಶಿಯಿಂದ ಕಳಂಬೋಲಿ ಹತ್ತಿರವಾದ್ದರಿಂದ ರಾಜಶೇಖರನೇ ಮೊದಲು ಮುಟ್ಟಿದ. ಕಬ್ಬಿಣ ಇಳಿಸುವ ಸದ್ದು ಅಕ್ಕಪಕ್ಕದ ಗೋದಾಮುಗಳಲ್ಲಿ ನಡೆದೇ ಇತ್ತು. ಗಾಜಿನ ಕ್ಯಾಬಿನ್ನಿನಲ್ಲಿ ಅಣ್ಣ ಕುರ್ಚಿಯಲ್ಲಿ ಕೂತಂತೆಯೇ ಇದ್ದ, ತಲೆ ಮೇಜಿನ ಮೇಲೆ. ಬೀದಿಯ ಕೊನೆಯ ದವಾಖಾನೆಯ ಡಾಕ್ಟರು ಬಂದು ನೋಡಿ ತಲೆಯಾಡಿಸಿ ಹೋಗಿದ್ದರು.

"ಮುಂಜಾನಿಂದ ಎದಿ ಭಾರ ಅಂತಿದ್ರು," ವಾಸು ಅಳುತ್ತಿದ್ದ. "ಗ್ಯಾಸಿನ ಗುಳಿಗಿ ತಾ ಅಂದ್ರು. ನಾ ತರೂದ್ರೊಳಗ..."

ಗೋಡೆಯ ಮೇಲೆ ಕ್ಯಾಲೆಂಡರ್ ತೂಗುವ ಮೊಳೆಯಿತ್ತು. ಕ್ಯಾಲೆಂಡರಿನ ಮೇಲೆ ಬೆಳ್ಳಿಯ ಕರಡಿಗೆ ತೂಗುತ್ತಿತ್ತು.

ರಾಜಶೇಖರ ಆಂಬ್ಯುಲೆನ್ಸ್ ಎಲ್ಲಿಗೆ ಬಂತು ನೋಡು ಎಂದು ವಾಸುವನ್ನು ಹೊರಗೆ ಕಳಿಸಿದ. ಮೊಳೆಯಿಂದ ಲಿಂಗ ತೆಗೆದ. ಅಣ್ಣನ ತಲೆಯನ್ನು ಎತ್ತಿ ಶಿವದಾರವನ್ನು ಕೊರಳಿಗೆ ಹಾಕಿದ. ಅದು ಹೊಟ್ಟೆಯ ತನಕ ಇಳಿಯಿತು. ಅವನು ದಾರವನ್ನು ಮಡಚಿ, ಹಿಂದೆ ಕುತ್ತಿಗೆಯ ಹತ್ತಿರ ಒಂದು ಗಂಟು ಹಾಕಿ, ಲಿಂಗ ಎದೆಯ ಮೇಲೆ, ಎರಡನೆಯ ಗುಂಡಿಯ ಹತ್ತಿರ ಬರುವಂತೆ ಮಾಡಿದ. ಈ ಸಲ ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮನೆಯಲ್ಲಿ ಅವ್ವ ಕೇಳಿದ್ದು ಒಂದೇ ಮಾತು. "ಕೊಳ್ಳಾಗ ಲಿಂಗ ಇತ್ತೇನು?"

"ಇತ್ತವ್ವಾ."

ಮೈ ತೊಳೆಯುವಾಗ ಅವಳ ಬೆರಳು ಕುತ್ತಿಗೆಯ ಹಿಂದಿನ ಗಂಟಿಗೆ ತಾಗಿತು. ಅಲ್ಲಿ ತುಸು ಹೊತ್ತು ನಿಂತಿತು. ಅವಳು ತಲೆ ಎತ್ತಲಿಲ್ಲ.

ಬಂದವರೆಲ್ಲ ಅದೇ ಮಾತು ಆಡಿದರು. ಅಪ್ಪನಂತೆ ಮಗ. ಕೂತಲ್ಲೇ. ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಇಂಥ ಸಾವಿಗೆ ಏಳು ಜನ್ಮದ ಪುಣ್ಯ ಬೇಕು. ಪ್ರೇಮನಾಥ ಮಾತ್ರ ಚಪ್ಪಲಿ ಬಿಟ್ಟ ಕಡೆ ನಿಂತೇ ಇದ್ದ. "ಇದೆಂಥ ಪುಣ್ಯ ಮಾರಾಯ್ರೆ, ಐವತ್ತೊಂದು ಒಂದು ವಯಸ್ಸಾ?" ಎಂದ, ತನಗೆ ತಾನೇ ಹೇಳಿಕೊಂಡಂತೆ.

ವೈನಿ ಶ್ರೀಮತಿಗೆ ಪುಣ್ಯ ಬೇಕಿರಲಿಲ್ಲ. "ಡಾಕ್ಟ್ರು ಏನೂ ಅರ್ಜೆಂಟಿಲ್ಲ ಅಂದಿದ್ರಲ್ಲೋ ರಾಜು. ನೀನೂ ಅಲ್ಲೇ ಇದ್ದೆಲ್ಲ?"

"ಸಣ್ಣ ಹುಡುಗಿ ಅದು. ಅದಕ್ಕೇನ್ ತಿಳೀತೈತಿ," ಎಂದರು ಯಾರೋ. "ಪುಕ್ಕಟೆ ಶಿಬಿರ ಅಂದ್ರ ಹಂಗ," ಎಂದರು ಇನ್ಯಾರೋ. ಸಂಘದಲ್ಲೂ ಆ ಮಾತು ಹಬ್ಬಿತು. ಮುಂದಿನ ಶಿಬಿರಕ್ಕೆ ಬೇರೆ ಡಾಕ್ಟರನ್ನು ಕರೆಯಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ರಾಜಶೇಖರ ಆ ಸಭೆಯಲ್ಲಿದ್ದ. ಆ ತೀರ್ಮಾನಕ್ಕೆ ಕೈ ಎತ್ತಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಆದರೆ ಚನ್ನುವನ್ನು ಮಾತ್ರ ಅವನು ಬಿಡಲಿಲ್ಲ. ಹುಡುಗನಿಗೆ ಇನ್ನೂ ಇಪ್ಪತ್ತೈದು. ಅಪ್ಪನ ಅಂಗಡಿಯ ಬೀಗದಕೈ ಜೇಬಿನಲ್ಲಿಟ್ಟುಕೊಂಡು, ಅದನ್ನೇನು ಮಾಡಬೇಕೆಂದು ತಿಳಿಯದೆ ತಿರುಗುತ್ತಿದ್ದ. ಒಂದು ಶನಿವಾರ ರಾಜಶೇಖರ ಅವನಿಗೆ ಬರಿಹೊಟ್ಟೆಯಲ್ಲಿ ಪರೀಕ್ಷೆಗೆ ರಕ್ತ ಕೊಡಿಸಿದ. ಸಂಜೆ ವರದಿ ಬಂದ ಮೇಲೆ ಡಾಕ್ಟರ್ ಸೌಜನ್ಯಳ ಕ್ಲಿನಿಕ್ಕಿಗೇ ಕರೆದುಕೊಂಡು ಹೋದ. ಬೇರೆ ಡಾಕ್ಟರ ಹತ್ತಿರ ಹೋಗಬಹುದಿತ್ತು. ಅವಳಿಗೆ ಒಂದು ಮಾತು ಸಲ್ಲಬೇಕು ಎನ್ನಿಸಿತ್ತು. ಅದನ್ನು ಹೇಳುತ್ತೇನೋ ಇಲ್ಲವೋ ಎಂದು ರಿಕ್ಷಾದಿಂದ ಇಳಿಯುವಾಗಲೂ ಅವನಿಗೆ ಗೊತ್ತಿರಲಿಲ್ಲ.

ಅವಳು ವರದಿಯನ್ನು ಎರಡು ಸಲ ಓದಿದಳು. "ಇದು ವಡೆ ತಿಂದು ಬಂದ ಕೊಲೆಸ್ಟ್ರಾಲ್ ಅಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಅಂದ್ರೆ ವಂಶದಲ್ಲೇ ಬಂದಿರೋ ಹಾಗೆ ಕಾಣ್ತದೆ." ಆಮೇಲೆ ರಾಜಶೇಖರನ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು, "ನಾನು ಆ ದಿವಸ ಇನ್ನೊಮ್ಮೆ ಕೇಳ್ಬೇಕಿತ್ತು ಸರ್. ಸಾಲು ಉದ್ದ ಇತ್ತು, ಬಿಟ್ಟುಬಿಟ್ಟೆ. ತಪ್ಪಾಯ್ತು."

ತಪ್ಪು ನಿಮ್ಮದಲ್ಲ ಎಂಬ, ಅವಳಿಗೆ ಸಲ್ಲಬೇಕಾದ ಮಾತಿಗೆ ಅವನು ಬಾಯಿ ತೆರೆದ. ಅದರ ಬದಲು ಇನ್ನೊಂದು ಬಂತು.

"ಇವನ ಅಜ್ಜಗೂ ಅದ ಆಗಿತ್ರಿ. ನಲವತ್ತೇಳಕ್ಕ."

ಅವಳ ಪೆನ್ನು ಕಾಗದದ ಮೇಲೆ ನಿಂತಿತು. ತಲೆ ಎತ್ತಿ ಅವನನ್ನು ನೋಡಿದಳು. ಅರವತ್ತು ದಾಟಿತ್ತು ಎಂದ ಮುದುಕಿ, ನೆನಪಿಲ್ಲ ಎಂದ ತಮ್ಮ, ಎಲ್ಲ ಅವಳಿಗೆ ನೆನಪಿದ್ದಂತಿತ್ತು. ಅವಳು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅದನ್ನು ತಿಳಿದೇ ಅವಳು ಕೇಳಲಿಲ್ಲವೇನೋ. ಕಾಗದದ ಮೇಲೆ ಬರೆದಳು, ಚನ್ನುವಿನ ಕಡೆಗೆ ತಿರುಗಿ, "ದಿನಾ ರಾತ್ರಿ ಊಟ ಆದ ಮೇಲೆ ಒಂದು. ಬಿಡ್ಬಾರ್ದು," ಎಂದಳು.

ಹೊರಗೆ ಫಡಕೆ ರಸ್ತೆಯಲ್ಲಿ ಶನಿವಾರದ ಜನ. ಔಷಧದ ಅಂಗಡಿಯವನು ಕೊಟ್ಟ ಮಾತ್ರೆಯ ಪಟ್ಟಿಯನ್ನು ಚನ್ನು ತಿರುಗಿಸಿ ನೋಡಿದ. ಅದೇ ಹೆಸರು, ಅದೇ ಬಿಳಿಯ ಮಾತ್ರೆ. ರಾಜಶೇಖರ ಅದನ್ನು ಅಂಗಡಿಯವನ ಕೈಯಲ್ಲೇ ಗುರುತಿಸಿದ್ದ.

"ಕಾಕಾ, ಅಜ್ಜಾ ತೋ ಪೂಜೆ ಮಾಡ್ತಾನೇ ಹೋದ್ರು ಅಲ್ವಾ?"

"ಪೂಜಿಗೆ ಕುಂತಾಗೂ ಹಾರ್ಟ್ ನಿಲ್ಲತೈತಲ್ಲೋ."

"ತೋ ಪಪ್ಪಾಗೆ ಇದು ಗೊತ್ತಿರ್ಲಿಲ್ವಾ? ನಿಮಗೆ ಯಾವಾಗ ಗೊತ್ತಾಯ್ತು?"

"ಮೊನ್ನೆ. ಅವ್ವ ಹೇಳಿದ್ಲು."

ಚನ್ನು ತಲೆಯಾಡಿಸಿದ. ಆಮೇಲೆ ಕಾಕಾನ ಹೆಗಲ ಮೇಲೆ ಕೈ ಇಟ್ಟ. "ಅಚ್ಛಾ ಹುವಾ ಕಾಕಾ, ನೀವು ಕರ್ಕೊಂಡ್ ಬಂದಿದ್ದು. ಪಪ್ಪಾಗೂ ಹೀಗೆ ಯಾರಾದ್ರೂ ಕರ್ಕೊಂಡ್ ಬಂದಿದ್ರೆ..." ಮಾತು ಮುಗಿಸಲಾಗದೆ ಮಾತ್ರೆಯ ಪಟ್ಟಿಯನ್ನು ಎತ್ತಿ ತೋರಿಸಿದ. "ಇದು ತಗೊಂಡ್ರೆ ಮೈ ಕೈ ನೋವು ಬರ್ತದಂತೆ, ಸಚ್ ಹೈ ಕ್ಯಾ, ನಿಜಾನಾ?"

ಮೊದಲ ಕೆಲವು ವಾರ ಮೀನಖಂಡದಲ್ಲಿ ಸ್ವಲ್ಪ ನೋವಿರುತ್ತದೆ, ಆಮೇಲೆ ಹೋಗುತ್ತದೆ. ಅದು ರಾಜಶೇಖರನಿಗೆ ಗೊತ್ತಿತ್ತು.

"ನನಗೇನ್ ಗೊತ್ತಪಾ," ಎಂದ. "ಡಾಕ್ಟರನ್ನ ಕೇಳು."

ಅದೇ ಮಾತ್ರೆಯನ್ನು ತಾನು ಅಣ್ಣ ಬದುಕಿದ್ದ ದಿನಗಳಿಂದಲೇ ನುಂಗುತ್ತಿದ್ದೇನೆ ಎಂದು ರಾಜಶೇಖರ ಚನ್ನುವಿಗೆ ಎಂದೂ ಹೇಳಲಿಲ್ಲ.